ಮೂಲಿಕೆ ಆಕರಗಳ ಮಾತು ಮತ್ತು ಮೌನ



ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲೆಂದು ಅಸಿಟ್ರೋಮ್ ಮಾತ್ರೆ ನುಂಗುತ್ತಿರುವವರೊಬ್ಬರು ಮೆಡಿಕಲ್ ಶಾಪಿನ ಕೌಂಟರಿಗೆ ಬಂದು, ಕೈಯಲ್ಲಿರುವ ಅರಿಸಿನದ ಕ್ಯಾಪ್ಸೂಲಿನ ಡಬ್ಬಿ ತೋರಿಸಿ, "ಇದನ್ನೂ ಜೊತೆಗೆ ತಗೋಬಹುದಾ?" ಎಂದು ಕೇಳುವುದು ಈಗ ಅಪರೂಪವಲ್ಲ. ಕೇಳದೆಯೇ ತೆಗೆದುಕೊಳ್ಳುವವರು ಇನ್ನೂ ಹೆಚ್ಚು. ಕೇಳಿದವರಿಗೆ ಉತ್ತರ ಕೊಡಬೇಕಾದ ಫಾರ್ಮಸಿಸ್ಟ್ ಆಗಲಿ, ಮರುದಿನ ಅದೇ ಪ್ರಶ್ನೆ ಎದುರಿಸುವ ವೈದ್ಯರಾಗಲಿ, ತಮ್ಮ ನೆನಪನ್ನೇ ನಂಬಿ ಹೇಳುವಂತಿಲ್ಲ. ಪುಸ್ತಕ ತೆರೆಯಬೇಕು, ಇಲ್ಲವೇ ದತ್ತಾಂಶ ಕೋಶದಲ್ಲಿ ಹುಡುಕಬೇಕು. ಹಾಗೆ ತೆರೆದ ಆಕರವನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವ ಪ್ರಶ್ನೆಗೆ ನಂಬಬೇಕು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ನನ್ನ ವಾದವನ್ನು ಮೊದಲೇ ಮುಂದಿಡುತ್ತೇನೆ. ಒಂದು ಆಕರವನ್ನು ಅದು ಹೇಳುವ ಮಾತಿನಿಂದ ಅಳೆಯುವುದು ನಮಗೆಲ್ಲ ರೂಢಿ. ಮೂಲಿಕೆಗಳ ವಿಷಯದಲ್ಲಿ ಅಷ್ಟು ಸಾಲದು. ಅದು ಎಲ್ಲಿ ಸುಮ್ಮನಾಗುತ್ತದೆ, ಆ ಮೌನ ಎಂಥದ್ದು ಎಂಬುದನ್ನೂ ನೋಡಬೇಕು. ಹುಡುಕಿ ಏನೂ ಸಿಗಲಿಲ್ಲ ಎಂಬ ಮೌನ ಬೇರೆ, ಯಾರೂ ಹುಡುಕಲೇ ಇಲ್ಲ ಎಂಬ ಮೌನ ಬೇರೆ. ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಆಧುನಿಕ ಔಷಧಕ್ಕೂ ಮೂಲಿಕೆಗೂ ಇಲ್ಲಿರುವ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವಂಥದ್ದೇ. ಹೊಸ ಅಣುವೊಂದು ಮಾರುಕಟ್ಟೆಗೆ ಬರುವ ಮುನ್ನ ಕಂಪನಿಯವರು ನಿಯಂತ್ರಕರ ಮುಂದೆ ದಪ್ಪ ಕಡತವನ್ನೇ ಇಟ್ಟಿರುತ್ತಾರೆ. ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆ, ಬೇರೆ ಔಷಧಗಳೊಂದಿಗಿನ ವರ್ತನೆ ಎಲ್ಲವೂ ಅದರಲ್ಲಿರುತ್ತವೆ. ಪರಾಮರ್ಶನ ಗ್ರಂಥ ಬರೆಯುವವರು ಶುರುಮಾಡುವುದೇ ಅಲ್ಲಿಂದ. ಮೂಲಿಕೆಗೆ ಸಾಮಾನ್ಯವಾಗಿ ಅಂತಹ ಕಡತವಿರುವುದಿಲ್ಲ. ನಮ್ಮ ದೇಶದಲ್ಲಂತೂ ಒಂದೇ ಅಶ್ವಗಂಧ ಎರಡು ಬಾಗಿಲುಗಳಿಂದ ಅಂಗಡಿ ಸೇರುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ಪರವಾನಗಿ ಪಡೆದರೆ ಅದು ಆಯುರ್ವೇದ ಔಷಧ. 2016ರ ಆಹಾರ ಸುರಕ್ಷತಾ ನಿಯಮಗಳಡಿ ಬಂದರೆ ಅದೇ ಬೇರಿನ ಪುಡಿ 'ಆರೋಗ್ಯ ಪೂರಕ'ವಾಗುತ್ತದೆ. ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸೂಚನೆ ಡಬ್ಬಿಯ ಮೇಲೆ ಇರಬೇಕಾಗುತ್ತದೆ. ಕೊಳ್ಳುವವರು ಅದನ್ನು ಔಷಧವೆಂದೇ ಕೊಳ್ಳುತ್ತಾರೆ. ಶಾಸ್ತ್ರೀಯ ಆಯುರ್ವೇದ ಔಷಧಕ್ಕೆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಮಾಣಗ್ರಂಥಗಳೇ ಆಧಾರ. ಆ ಗ್ರಂಥಗಳಲ್ಲಿ ಹೆಚ್ಚಿನವು ರಚನೆಯಾದ ಕಾಲದಲ್ಲಿ ಅಸಿಟ್ರೋಮ್ ಇರಲಿಲ್ಲ, ಅಂಗಾಂಗ ಕಸಿಯೂ ಇರಲಿಲ್ಲ. ಆಧುನಿಕ ಔಷಧದ ಜೊತೆ ಈ ಬೇರು ಹೇಗೆ ವರ್ತಿಸುತ್ತದೆ ಎಂದು ಅವುಗಳಲ್ಲಿ ಹುಡುಕುವುದು ಆ ಗ್ರಂಥಗಳಿಗೆ ನ್ಯಾಯವೂ ಅಲ್ಲ.

ಸಭಿಕರೇ, ಮೌನವನ್ನು ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದಂತೆ ಅತ್ಯುತ್ತಮ ನಿದರ್ಶನ ಜರ್ಮನಿಯದು. 1978ರಲ್ಲಿ ಅಲ್ಲಿನ ಸರ್ಕಾರ ಮೂಲಿಕೆಗಳನ್ನು ಪರಿಶೀಲಿಸಲು 'ಕಮಿಷನ್ ಇ' ಎಂಬ ತಜ್ಞ ಸಮಿತಿಯನ್ನು ರಚಿಸಿತು. ವೈದ್ಯರು, ಔಷಧಶಾಸ್ತ್ರಜ್ಞರು, ವಿಷಶಾಸ್ತ್ರಜ್ಞರು, ಫಾರ್ಮಸಿಸ್ಟರು ಅದರಲ್ಲಿದ್ದರು. 1990ರ ದಶಕದ ನಡುವಿನವರೆಗೆ ಒಂದೊಂದು ಮೂಲಿಕೆಯನ್ನು ಕುರಿತು ಅದು ಹೊರತಂದ ಕಿರು ವಿವರಣೆಗಳ, ಅಂದರೆ ಮಾನೋಗ್ರಾಫುಗಳ, ಸಂಖ್ಯೆ 380ರಷ್ಟು. ಮೂಲಿಕೆಗಳ ಬಗ್ಗೆ ಒಂದು ಆಧುನಿಕ ಸರ್ಕಾರ ನಡೆಸಿದ ಅಷ್ಟು ವಿಸ್ತಾರವಾದ ಪರಿಶೀಲನೆ ಅದಕ್ಕೂ ಮೊದಲು ಇರಲಿಲ್ಲ. 1998ರಲ್ಲಿ ಅದರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ ಪ್ರಕಟವಾದಾಗ ಫಾರ್ಮಸಿ ಕಾಲೇಜುಗಳೂ ಆಸ್ಪತ್ರೆಗಳ ಗ್ರಂಥಾಲಯಗಳೂ ಅದನ್ನು ಆದರದಿಂದ ಬರಮಾಡಿಕೊಂಡವು.

ಆ ಸಂಪುಟದಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾನೋಗ್ರಾಫ್ ಇದೆ. ಖಿನ್ನತೆಗೆ ಯುರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹಳದಿ ಹೂವಿನ ಗಿಡ ಅದು. ಮಾನೋಗ್ರಾಫಿನ ಮೂಲ ದಿನಾಂಕ 1984ರ ಡಿಸೆಂಬರ್. ಬೇರೆ ಔಷಧಗಳೊಂದಿಗಿನ ಪ್ರತಿಕ್ರಿಯೆ ಎಂಬ ಶೀರ್ಷಿಕೆಯಡಿ, ಯಾವುದೂ ತಿಳಿದುಬಂದಿಲ್ಲ ಎಂಬರ್ಥದ ಎರಡೇ ಪದಗಳಿವೆ. 1984ರಲ್ಲಿ ಅದು ಸತ್ಯವಾದ ಮಾತೇ. ಆದರೆ 1998ರಲ್ಲಿ ಹೊಸ ಪುಸ್ತಕ ಕೈಗೆತ್ತಿಕೊಂಡವರು ಅದನ್ನು 1998ರ ಮಾತೆಂದು ಓದಿಕೊಂಡರು. ಮರುವರ್ಷವೇ ಈ ಗಿಡ ಡಿಗಾಕ್ಸಿನ್ ಎಂಬ ಹೃದಯದ ಔಷಧದ ಮಟ್ಟವನ್ನು ರಕ್ತದಲ್ಲಿ ತಗ್ಗಿಸುತ್ತದೆ ಎಂಬ ಅಧ್ಯಯನ ಬಂತು. 2000ದ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಎರಡು ವರದಿಗಳನ್ನು ಪ್ರಕಟಿಸಿತು. ಒಂದರಲ್ಲಿ, ಎಚ್‌ಐವಿ ಔಷಧವಾದ ಇಂಡಿನಾವಿರ್‌ ಅನ್ನು ಈ ಗಿಡದೊಂದಿಗೆ ಕೊಟ್ಟಾಗ ರಕ್ತಕ್ಕೆ ಸೇರುವ ಔಷಧ ಸರಾಸರಿ ಶೇ. 57ರಷ್ಟು ಕುಸಿದಿತ್ತು. ಇನ್ನೊಂದು ಜ್ಯೂರಿಕ್‌ನಿಂದ ಬಂದದ್ದು: ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರಲ್ಲಿ, ಕಸಿಯ ತಿರಸ್ಕಾರ ತಡೆಯಲು ಕೊಡುವ ಸೈಕ್ಲೋಸ್ಪೊರಿನ್ ಔಷಧದ ಮಟ್ಟ ಇಳಿದು, ದೇಹ ಹೊಸ ಹೃದಯವನ್ನು ತಿರಸ್ಕರಿಸತೊಡಗಿತ್ತು. ಗಿಡದಲ್ಲಿರುವ ಹೈಪರ್‌ಫೊರಿನ್ ಎಂಬ ಅಂಶ ಲಿವರಿನ ಕಿಣ್ವಗಳನ್ನು ಹೆಚ್ಚಿಸಿ ಔಷಧಗಳನ್ನು ಬೇಗ ಹೊರಹಾಕಿಸುತ್ತದೆ ಎಂಬುದು ಅದೇ ವರ್ಷ ಖಚಿತವಾಯಿತು.

ಆ ಸಮಿತಿಯವರು ಬೇಜವಾಬ್ದಾರಿಯಿಂದ ಬರೆದರೆಂದು ನಾನು ಹೇಳುತ್ತಿಲ್ಲ. 1984ರಲ್ಲಿ ಆ ದಿಕ್ಕಿನಲ್ಲಿ ಯಾರೂ ಪರೀಕ್ಷೆ ನಡೆಸಿರಲಿಲ್ಲ, ಅಷ್ಟೇ. ದೋಷವಿದ್ದದ್ದು ಆ ಎರಡು ಪದಗಳು ತಮ್ಮ ಹಿಂದಿನ ಕಥೆಯನ್ನು ಹೇಳದೇ ಇದ್ದುದರಲ್ಲಿ. ಎಷ್ಟು ಜನರ ಮೇಲೆ, ಯಾವ ಔಷಧದೊಂದಿಗೆ ನೋಡಿ ಹಾಗೆಂದರು ಎಂಬುದು ಅಲ್ಲಿಲ್ಲ. ಕಮಿಷನ್ ಇ ಪ್ರಕಟಿಸಿದ ಮಾನೋಗ್ರಾಫುಗಳಲ್ಲಿ ಆಧಾರಗಳ ಉಲ್ಲೇಖವೇ ಇಲ್ಲ. ಸಮಿತಿಯ ವಿದ್ವತ್ತನ್ನು ನಂಬಿ ಒಪ್ಪಬೇಕು, ಇಲ್ಲವೇ ಬಿಡಬೇಕು. ಓದುಗ ತಾನೇ ಹಿಂದಕ್ಕೆ ಹೋಗಿ ಪರೀಕ್ಷಿಸಿ ನೋಡಲು ದಾರಿಯಿಲ್ಲ. ಕಾವಾ ಎಂಬ ಪೆಸಿಫಿಕ್ ದ್ವೀಪಗಳ ಬೇರಿಗೂ 1990ರಲ್ಲಿ ಇದೇ ಸಮಿತಿ ಒಪ್ಪಿಗೆ ನೀಡಿತ್ತು. ಲಿವರಿಗೆ ಹಾನಿಯಾದ ವರದಿಗಳು ಬಂದ ಮೇಲೆ 2002ರಲ್ಲಿ ಜರ್ಮನಿಯೇ ಅದನ್ನು ಮಾರುಕಟ್ಟೆಯಿಂದ ತೆಗೆಯಿತು, 2014ರಲ್ಲಿ ಅಲ್ಲಿನ ನ್ಯಾಯಾಲಯ ಆ ನಿರ್ಧಾರವನ್ನು ರದ್ದುಮಾಡಿತು. ಈ ಮೂರು ದಿನಾಂಕಗಳಲ್ಲಿ ಯಾವುದಕ್ಕೆ ನಿಂತ ಪುಸ್ತಕ ನಮ್ಮ ಕೈಯಲ್ಲಿದೆ ಎಂಬುದರ ಮೇಲೆ ನಮ್ಮ ಉತ್ತರ ಬದಲಾಗುತ್ತದೆ.

ಇನ್ನು ನಮ್ಮದೇ ಮೇಜಿನ ಮೇಲಿನ ಪುಸ್ತಕಕ್ಕೆ ಬರೋಣ. ಭಾರತದ ಆಯುರ್ವೇದ ಫಾರ್ಮಾಕೋಪಿಯಾದ ಯಾವುದಾದರೊಂದು ಮಾನೋಗ್ರಾಫನ್ನು ತೆರೆದು ನಿಧಾನವಾಗಿ ಓದಿ. ಮೊದಲಿಗೆ ದ್ರವ್ಯದ ಸಂಸ್ಕೃತ ಹೆಸರು, ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸುವ ಭಾಗ. ಆಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಹೆಸರುಗಳು. ಬಳಿಕ ಬೇರೋ ತೊಗಟೆಯೋ ಬರಿಗಣ್ಣಿಗೆ ಹೇಗೆ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದರ ಜೀವಕೋಶಗಳು ಹೇಗಿರುತ್ತವೆ ಎಂಬ ವಿವರ. ಕಸಕಡ್ಡಿ ಶೇಕಡಾ ಎಷ್ಟಕ್ಕಿಂತ ಹೆಚ್ಚಿರಬಾರದು, ಸುಟ್ಟರೆ ಉಳಿಯುವ ಬೂದಿ ಎಷ್ಟಿರಬಹುದು, ನೀರಿನಲ್ಲೂ ಆಲ್ಕೊಹಾಲಿನಲ್ಲೂ ಕರಗುವ ಸಾರ ಎಷ್ಟಿರಬೇಕು ಎಂಬ ಮಿತಿಗಳು. ಕೊನೆಗೆ ರಸ, ಗುಣ, ವೀರ್ಯ, ವಿಪಾಕ, ಕರ್ಮ, ಆ ದ್ರವ್ಯ ಸೇರುವ ಯೋಗಗಳು, ಯಾವ ರೋಗಗಳಿಗೆ ಎಂಬ ಪಟ್ಟಿ, ಪ್ರಮಾಣ. ಅಲ್ಲಿಗೆ ಮುಗಿಯಿತು. ಅಡ್ಡ ಪರಿಣಾಮ, ಗರ್ಭಿಣಿಯರಲ್ಲಿ ಬಳಕೆ, ಬೇರೆ ಔಷಧಗಳೊಂದಿಗಿನ ಪ್ರತಿಕ್ರಿಯೆ ಎಂಬ ಶೀರ್ಷಿಕೆಗಳೇ ಅದರಲ್ಲಿಲ್ಲ.

ಇದನ್ನು ಕೊರತೆಯೆಂದು ದೂರುವ ಮುನ್ನ ಅದು ಯಾವ ಕೆಲಸಕ್ಕೆ ಹುಟ್ಟಿದ ಗ್ರಂಥ ಎಂದು ಕೇಳಿಕೊಳ್ಳಬೇಕು. ಕೈಯಲ್ಲಿರುವ ಸರಕು ನಿಜವಾಗಿ ಅದೇ ಗಿಡವೇ, ಶುದ್ಧವಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಫಾರ್ಮಾಕೋಪಿಯಾದ ಕೆಲಸ. ಆ ಕೆಲಸದಲ್ಲಿ ಅದರಷ್ಟು ಭದ್ರವಾದ ಆಧಾರ ನಮಗೆ ಇನ್ನೊಂದಿಲ್ಲ. ಅಡ್ಡ ಪರಿಣಾಮದ ಬಗ್ಗೆ ಅದು ಸುಮ್ಮನಿದೆ ಎಂದರೆ ಆ ಪ್ರಶ್ನೆ ಅದರ ಮುಂದೆ ಬಂದೇ ಇಲ್ಲ ಎಂದರ್ಥ. ಆದರೆ "ಫಾರ್ಮಾಕೋಪಿಯಾದಲ್ಲಿ ಯಾವ ಎಚ್ಚರಿಕೆಯೂ ಇಲ್ಲ, ಹಾಗಾಗಿ ಸುರಕ್ಷಿತ" ಎಂಬ ವಾದವನ್ನು ಉತ್ಪನ್ನಗಳ ಕರಪತ್ರಗಳಲ್ಲೂ, ಕೆಲವೊಮ್ಮೆ ವಿದ್ವತ್ಸಭೆಗಳಲ್ಲೂ ಮುಂದಿಡುತ್ತಾರೆ. ಅದನ್ನು ಒಪ್ಪಲಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಔಷಧೀಯ ಸಸ್ಯಗಳ ಮಾನೋಗ್ರಾಫುಗಳನ್ನು ನಾನು ವಿದ್ಯಾರ್ಥಿಗಳಿಗೆ ಮೊದಲು ಓದಲು ಹೇಳುವುದು ಅವು ಹೊಸವೆಂದಲ್ಲ. ಮೊದಲ ಸಂಪುಟ ಬಂದದ್ದು 1999ರಲ್ಲಿ, ನಾಲ್ಕನೆಯದು 2009ರಲ್ಲಿ. ಅನೇಕ ಕಡೆ ಅವುಗಳ ಮಾಹಿತಿ ಹಳತಾಗಿದೆ. ಆದರೆ ಅವುಗಳ ಕಟ್ಟಡ ಪ್ರಾಮಾಣಿಕವಾದದ್ದು. ಔಷಧೀಯ ಬಳಕೆಯನ್ನು ಅವು ಮೂರಾಗಿ ಬಿಡಿಸಿ ಇಡುತ್ತವೆ: ರೋಗಿಗಳ ಮೇಲಿನ ಪರೀಕ್ಷೆಗಳ ಬೆಂಬಲವಿರುವುದು ಒಂದು ಕಡೆ, ಫಾರ್ಮಾಕೋಪಿಯಾಗಳಲ್ಲೂ ಪಾರಂಪರಿಕ ವೈದ್ಯ ಪದ್ಧತಿಗಳಲ್ಲೂ ದಾಖಲಾದದ್ದು ಇನ್ನೊಂದು ಕಡೆ, ಜನಪದ ಬಳಕೆಯಲ್ಲಿದ್ದು ಪ್ರಯೋಗದ ಆಧಾರವಿಲ್ಲದ್ದು ಮತ್ತೊಂದು ಕಡೆ. ಒಂದೆಲಗವೂ ಅರಿಸಿನವೂ ಮೊದಲ ಸಂಪುಟದಲ್ಲೇ ಇವೆ, ಅಶ್ವಗಂಧ ನಾಲ್ಕನೆಯದರಲ್ಲಿದೆ. ಪಾರಂಪರಿಕ ಬಳಕೆಯನ್ನು ಈ ವಿಂಗಡಣೆ ಕೀಳುಮಾಡುವುದಿಲ್ಲ. ಪರಂಪರೆಯ ಸಾಕ್ಷ್ಯಕ್ಕೆ ಪರಂಪರೆಯ ಹೆಸರನ್ನೇ ಇಟ್ಟು ಗೌರವಿಸುತ್ತದೆ. ಎಲ್ಲವನ್ನೂ ಒಂದೇ ಪಟ್ಟಿಗೆ ತುಂಬಿ ಇಪ್ಪತ್ತು ರೋಗಗಳನ್ನು ಹೆಸರಿಸುವ ಪುಸ್ತಕಗಳಿಗಿಂತ ಇದು ಎಷ್ಟೋ ಮೇಲು.

ಯುರೋಪಿನ ಔಷಧ ಸಂಸ್ಥೆಯಲ್ಲಿ 2004ರಿಂದ ಕೆಲಸ ಮಾಡುತ್ತಿರುವ ಮೂಲಿಕೆ ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಮಾನೋಗ್ರಾಫಿನ ಜೊತೆಗೆ, ಆ ತೀರ್ಮಾನಕ್ಕೆ ಹೇಗೆ ಬಂದೆವೆಂಬ ದೀರ್ಘ ವರದಿಯನ್ನೂ ಓದಿದ ಲೇಖನಗಳ ಪಟ್ಟಿಯನ್ನೂ ಅದು ಪ್ರಕಟಿಸುತ್ತದೆ. ಕನಿಷ್ಠ 30 ವರ್ಷ, ಅದರಲ್ಲಿ ಸಾಮಾನ್ಯವಾಗಿ 15 ವರ್ಷ ಯುರೋಪಿನಲ್ಲೇ ಬಳಕೆಯಲ್ಲಿದ್ದ ಮೂಲಿಕೆಗೆ 'ಪಾರಂಪರಿಕ ಬಳಕೆ' ಎಂಬ ವರ್ಗವಿದೆ. ಗರ್ಭಿಣಿಯರ ವಿಷಯ ಬಂದಾಗ, ಸುರಕ್ಷತೆ ಸ್ಥಾಪಿತವಾಗಿಲ್ಲ, ಸಾಕಷ್ಟು ದತ್ತಾಂಶವಿಲ್ಲದ್ದರಿಂದ ಶಿಫಾರಸು ಮಾಡುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳುತ್ತಾರೆ. ವಿಷಪರೀಕ್ಷೆ ನಡೆದಿಲ್ಲವಾದರೆ ನಡೆದಿಲ್ಲ ಎಂದೇ ಬರೆಯುತ್ತಾರೆ. ನಾನು ಬಯಸುವುದು ಇಂತಹ ಮೌನವನ್ನು, ತಾನು ಮೌನವೆಂದು ತಾನೇ ಹೇಳಿಕೊಳ್ಳುವ ಮೌನವನ್ನು.

ಈಗ ಹೆಸರಿನ ವಿಷಯ. ಆಕರ ಎಷ್ಟೇ ಉತ್ತಮವಾಗಿರಲಿ, ಅದರೊಳಗೆ ತಪ್ಪು ಬಾಗಿಲಿನಿಂದ ಹೋದರೆ ಸರಿಯಾದ ಪುಟವೂ ತಪ್ಪು ಉತ್ತರ ಕೊಡುತ್ತದೆ. ಕನ್ನಡ ನಾಡಿನಲ್ಲಿ ಈ ಅಪಾಯ ಪಠ್ಯಪುಸ್ತಕದ ಮಾತಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ. ತಂಬುಳಿ ಮಾಡುವ, ಮಕ್ಕಳಿಗೆ ನೆನಪಿನ ಶಕ್ತಿಗೆಂದು ಕೊಡುವ ದುಂಡೆಲೆಯ ಗಿಡ. ಫಾರ್ಮಾಕೋಪಿಯಾದಲ್ಲಿ ಅದು ಮಂಡೂಕಪರ್ಣಿ, ಸೆಂಟೆಲ್ಲಾ ಏಷಿಯಾಟಿಕಾ. ಅಲ್ಲಿ ಬ್ರಾಹ್ಮಿ ಎಂದಿರುವುದು ನಾವು ನೀರುಬ್ರಾಹ್ಮಿ ಎನ್ನುವ ಬಕೋಪಾ ಮೊನ್ನಿಯೇರಿ. ಎರಡರ ಕುಲ ಬೇರೆ, ರಾಸಾಯನಿಕ ಅಂಶಗಳು ಬೇರೆ, ನಡೆದ ಅಧ್ಯಯನಗಳೂ ಬೇರೆ. ಶಂಖಪುಷ್ಪಿಯದೂ ಇದೇ ಕಥೆ. ನಮ್ಮ ಬೇಲಿಗಳ ಮೇಲೆ ನೀಲಿ ಹೂ ಬಿಡುವ ಬಳ್ಳಿಯನ್ನು ನಾವು ಶಂಖಪುಷ್ಪವೆನ್ನುತ್ತೇವೆ, ಅದು ಕ್ಲಿಟೋರಿಯಾ. ಫಾರ್ಮಾಕೋಪಿಯಾದ ಶಂಖಪುಷ್ಪಿ ಉತ್ತರದ ಒಣ ನೆಲದಲ್ಲಿ ಹರಡುವ ಕಾನ್ವಾಲ್ವುಲಸ್. ರೋಗಿ "ಬ್ರಾಹ್ಮಿ ತಗೋತಿದೀನಿ" ಅಂದರೆ, ಯಾವ ಬ್ರಾಹ್ಮಿ ಎಂದು ಕೇಳದೆ ಯಾವ ಪುಟವನ್ನೂ ತೆರೆಯುವಂತಿಲ್ಲ.

ಹೆಸರು ತಪ್ಪಿದರೆ ಜೀವವೇ ಹೋಗಬಹುದು ಎಂಬುದನ್ನು ಬೆಲ್ಜಿಯಂ ಕಂಡಿದೆ. 1990ರ ದಶಕದ ಮೊದಲಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಚೀನೀ ಮೂಲಿಕೆಗಳ ಮಾತ್ರೆ ತೆಗೆದುಕೊಂಡ ಹೆಂಗಸರ ಮೂತ್ರಪಿಂಡಗಳು ಒಂದರ ಹಿಂದೊಂದು ವಿಫಲವಾಗತೊಡಗಿದವು. ಫಾಂಗ್ ಜಿ ಎಂಬ ಹೆಸರಿನಡಿ ಬರಬೇಕಿದ್ದ ಸ್ಟೆಫಾನಿಯಾ ಗಿಡದ ಜಾಗದಲ್ಲಿ, ಹೆಸರಿನಲ್ಲಿ ಹೋಲುವ ಗುವಾಂಗ್ ಫಾಂಗ್ ಜಿ, ಅಂದರೆ ಅರಿಸ್ಟೊಲೊಕಿಯಾ ಬಂದಿತ್ತು. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳುಗೆಡವುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಖಚಿತವಾದ ಮೊದಲ ಗುಂಪಿನಲ್ಲಿ ಇಟ್ಟಿದೆ. ಈ ಗಿಡದ ಹತ್ತಿರದ ಬಂಧು ನಮ್ಮಲ್ಲಿದೆ. ಅರಿಸ್ಟೊಲೊಕಿಯಾ ಇಂಡಿಕಾ ಎಂದರೆ ನಮ್ಮ ಈಶ್ವರಬಳ್ಳಿ. ಹಾವಿನ ಕಡಿತಕ್ಕೆ, ಜ್ವರಕ್ಕೆ ಎಂದು ಹಳೆಯ ಸಸ್ಯೌಷಧಿ ಗ್ರಂಥಗಳಲ್ಲಿ ಅದರ ವಿವರವಿದೆ. ಆ ಗ್ರಂಥಗಳನ್ನು ಬರೆದವರು ದೊಡ್ಡ ವಿದ್ವಾಂಸರು. ಅವರ ಕಾಲಕ್ಕೆ ಈ ವಿಷಯ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ. ಬಳ್ಳಿ ತೆಗೆದುಕೊಂಡದ್ದಕ್ಕೂ ವರ್ಷಗಳ ನಂತರ ಕಾಣಿಸುವ ಕ್ಯಾನ್ಸರಿಗೂ ನಂಟು ಹಾಕಲು ಯಾವ ನಾಟಿ ವೈದ್ಯರ ಅನುಭವವೂ ಸಾಲುವುದಿಲ್ಲ. ದೀರ್ಘಕಾಲದ ಬಳಕೆ ತಕ್ಷಣದ ವಿಷವನ್ನು ಜರಡಿ ಹಿಡಿದು ತೆಗೆಯಬಲ್ಲದು, ನಿಧಾನದ ವಿಷವನ್ನಲ್ಲ. 'ಸಾವಿರಾರು ವರ್ಷಗಳ ಬಳಕೆ' ಎಂಬ ವಾಕ್ಯವನ್ನೇ ಸುರಕ್ಷತೆಯ ಪುರಾವೆಯಾಗಿ ಕೊಡುವ ಆಕರವನ್ನು ಈ ಕಾರಣಕ್ಕೆ ನಾನು ಪಕ್ಕಕ್ಕಿಡುತ್ತೇನೆ.

ಗ್ರಂಧಿಗೆ ಅಂಗಡಿಯ ಸರಕಿನ ಬಗ್ಗೆ ಬೆಂಗಳೂರಿನ ಸಂಶೋಧಕರೇ ಮಾಡಿದ ಒಳ್ಳೆಯ ಕೆಲಸವಿದೆ. ಕಾಮಾಲೆಗೆ ನಾವು ಕೊಡುವ ನೆಲನೆಲ್ಲಿಯನ್ನು ದಕ್ಷಿಣ ಭಾರತದ ಅಂಗಡಿಗಳಿಂದ ತಂದು, ಡಿಎನ್‌ಎ ಮೂಲಕ ಗುರುತಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸುಮಾರು ಮುಕ್ಕಾಲು ಪಾಲು ಅಂಗಡಿಗಳಲ್ಲಿ ಫಿಲಾಂಥಸ್ ಅಮಾರಸ್ ಎಂಬ ನಿರೀಕ್ಷಿತ ಜಾತಿಯೇ ಇತ್ತು, ಉಳಿದೆಡೆ ಅದೇ ಕುಲದ ಬೇರೆ ಜಾತಿಗಳು. ಇದು ಮೋಸವೇ ಆಗಬೇಕಿಲ್ಲ. ಹೊಲದ ಬದುವಿನಲ್ಲಿ ಕಿತ್ತು ತರುವವರ ಕಣ್ಣಿಗೆ ಎಲ್ಲವೂ ನೆಲನೆಲ್ಲಿಯೇ. ಆದರೆ ಗಿಡದ ಬಗ್ಗೆ ಬರೆದ ಆಕರ ಡಬ್ಬಿಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. 2004ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ವರದಿಯಂತೆ, ಬಾಸ್ಟನ್ ಸುತ್ತಮುತ್ತಲ ದಕ್ಷಿಣ ಏಷ್ಯಾದವರ ದಿನಸಿ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದವು. ಅಂಥ ಅಂಗಡಿಗಳಲ್ಲಿ ಸರಕು ಕೊಳ್ಳುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ.

ಸಂಖ್ಯೆಗಳು ಒಂದು ಆಕರದಿಂದ ಇನ್ನೊಂದಕ್ಕೆ ಹೇಗೆ ಪಯಣಿಸುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅರಿಸಿನದ ಪೂರಕಗಳ ಡಬ್ಬಿಯ ಮೇಲೆ, ಜಾಹೀರಾತಿನಲ್ಲಿ, ಲೇಖನಗಳಲ್ಲಿ ಕಾಣುವ ಒಂದು ಅಂಕಿ ಇದೆ: ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಅರಿಸಿನದಲ್ಲಿರುವ ಕರ್ಕ್ಯುಮಿನ್ ಹೀರಿಕೆ ಶೇ. 2000 ಹೆಚ್ಚುತ್ತದೆ. ಈ ಅಂಕಿಯ ತವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗ, ಪ್ರಕಟವಾದದ್ದು 1998ರಲ್ಲಿ. ಆರೋಗ್ಯವಂತ ಸ್ವಯಂಸೇವಕರ ಸಣ್ಣ ಗುಂಪಿಗೆ 2 ಗ್ರಾಂ ಕರ್ಕ್ಯುಮಿನ್ ಅನ್ನು ಒಮ್ಮೆ ಒಂಟಿಯಾಗಿ, ಇನ್ನೊಮ್ಮೆ 20 ಮಿಲಿಗ್ರಾಂ ಪೈಪರಿನ್ ಜೊತೆಗೆ ಕೊಟ್ಟು ರಕ್ತ ಪರೀಕ್ಷಿಸಿದರು. ಒಂಟಿಯಾಗಿ ಕೊಟ್ಟಾಗ ರಕ್ತದಲ್ಲಿ ಕರ್ಕ್ಯುಮಿನ್ ಬಹುತೇಕ ಸಿಗಲೇ ಇಲ್ಲ. ಆದ್ದರಿಂದಲೇ ಹೆಚ್ಚಳದ ಶೇಕಡಾವಾರು ಅಷ್ಟು ದೊಡ್ಡದಾಗಿ ಬಂತು. ಬಹಳ ಕಡಿಮೆಯಿರುವುದು ಇಪ್ಪತ್ತು ಪಟ್ಟಾದರೂ ಕಡಿಮೆಯೇ ಇರಬಹುದು. ಅದೇ ಲೇಖನದಲ್ಲಿ ಇಲಿಗಳಲ್ಲಿ ಕಂಡ ಹೆಚ್ಚಳ ಶೇ. 154 ಮಾತ್ರ. ಆ ಸಂಶೋಧಕರು ಮಾಡಿದ್ದು ಅಚ್ಚುಕಟ್ಟಾದ ಪ್ರಾಥಮಿಕ ಅಧ್ಯಯನ. ಅದನ್ನು ಮೂಲದಲ್ಲಿ ಓದದೆ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡ ಆಕರಗಳು ಅದರಿಂದ ಸಂದರ್ಭವನ್ನು ಕಿತ್ತು ಹಾಕಿದವು.

ನಕಲಾಗದೆ ಉಳಿದದ್ದು ಇನ್ನೊಂದು ಮುಖ. ಪೈಪರಿನ್ ಕರ್ಕ್ಯುಮಿನ್‌ಗೆ ಬಾಗಿಲು ತೆರೆಯುವಂತೆಯೇ ಫೆನಿಟಾಯಿನ್‌ನಂತಹ ಔಷಧಗಳಿಗೂ ತೆರೆಯುತ್ತದೆ ಎಂದು ಮನುಷ್ಯರ ಮೇಲಿನ ಅಧ್ಯಯನಗಳು ತೋರಿಸಿವೆ. ಮೂರ್ಛೆರೋಗದ ರೋಗಿಗೆ ಇದು ಸಣ್ಣ ವಿಷಯವಲ್ಲ. 2022ರಲ್ಲಿ ಅಮೆರಿಕದ ಔಷಧಜನ್ಯ ಲಿವರ್ ಹಾನಿ ಅಧ್ಯಯನ ಜಾಲ ಅರಿಸಿನದ ಪೂರಕಗಳಿಂದಾದ 10 ಪ್ರಕರಣಗಳನ್ನು ವರದಿ ಮಾಡಿತು. ಹತ್ತರಲ್ಲಿ ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಏಳು ಮಂದಿಯಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಆನುವಂಶಿಕ ಗುರುತು ಇತ್ತು. ಪರೀಕ್ಷೆಗೆ ಸಿಕ್ಕ ಏಳು ಉತ್ಪನ್ನಗಳಲ್ಲಿ ಮೂರರಲ್ಲಿ ಪೈಪರಿನ್ ಇತ್ತು. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಈ ಭಯವನ್ನು ಹೊರಿಸಬಾರದು. ಅಡುಗೆಮನೆಯ ಅನುಭವವನ್ನು ಹೀರಿಕೆ ಹೆಚ್ಚಿಸಿದ ಸಾಂದ್ರ ಕ್ಯಾಪ್ಸೂಲಿಗೆ ಹೊಂದಿಸಲೂಬಾರದು. ಒಳ್ಳೆಯ ಆಕರ ಈ ಎರಡನ್ನೂ ಬೇರೆ ಬೇರೆ ಶೀರ್ಷಿಕೆಯಡಿ ಇಡುತ್ತದೆ. ಆಹಾರದ ಪ್ರಮಾಣ, ಔಷಧದ ಪ್ರಮಾಣ, ಬಳಸಿದ ಭಾಗ, ಸಾರ ತೆಗೆದ ವಿಧಾನ ಎಂಬ ವಿವರಗಳನ್ನು ಕೊಡದ ಆಕರ ಎಷ್ಟೇ ದಪ್ಪವಿದ್ದರೂ ಕೌಂಟರಿನಲ್ಲಿ ನೆರವಿಗೆ ಬಾರದು.

ಸುಳ್ಳು ಅಭಯದಷ್ಟೇ ಸುಳ್ಳು ಭಯವೂ ಆಕರಗಳಲ್ಲಿ ನೆಲೆಯೂರುತ್ತದೆ. 1990ರಲ್ಲಿ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಒಂದು ಪ್ರಕರಣ ಬಂತು. ಗರ್ಭಿಣಿ ಸೈಬೀರಿಯನ್ ಜಿನ್ಸೆಂಗ್ ಸೇವಿಸಿದ್ದರಿಂದ ಮಗುವಿನಲ್ಲಿ ಗಂಡು ಹಾರ್ಮೋನಿನ ಲಕ್ಷಣಗಳು ಕಂಡವೆಂದು ಅದರಲ್ಲಿತ್ತು. ಮರುವರ್ಷವೇ ಸಸ್ಯತಜ್ಞರೊಬ್ಬರು ಆ ಉತ್ಪನ್ನವನ್ನು ಪರಿಶೀಲಿಸಿ, ಅದರಲ್ಲಿದ್ದದ್ದು ಜಿನ್ಸೆಂಗೇ ಅಲ್ಲ, ಪೆರಿಪ್ಲೋಕಾ ಎಂಬ ಬೇರೆ ಗಿಡ ಎಂದು ಅದೇ ಪತ್ರಿಕೆಗೆ ಬರೆದರು. ಮೊದಲ ವರದಿಯನ್ನು ಎತ್ತಿಕೊಂಡು ಎರಡನೆಯ ಪತ್ರವನ್ನು ಬಿಟ್ಟ ಪುಸ್ತಕಗಳು ಆಮೇಲೂ ಬಂದವು. ತಿದ್ದುಪಡಿಯನ್ನೂ ಜೊತೆಗಿಟ್ಟಿದೆಯೇ ಎಂಬುದು ಆಕರವನ್ನು ಅಳೆಯಲು ನಾನು ಬಳಸುವ ಕಠಿಣವಾದ ಒರೆಗಲ್ಲು. ಇಲಿಯಲ್ಲಿ ಕಂಡದ್ದು, ಗಾಜಿನ ತಟ್ಟೆಯಲ್ಲಿ ಕಂಡದ್ದು, ತರ್ಕದಿಂದ ಊಹಿಸಿದ್ದು ಎಲ್ಲವನ್ನೂ 'ಪ್ರತಿಕ್ರಿಯೆ' ಎಂಬ ಒಂದೇ ಪಟ್ಟಿಗೆ ತುಂಬುವ ಆಕರಗಳಿಂದ ಇನ್ನೊಂದು ಹಾನಿಯಿದೆ. ಎಲ್ಲಕ್ಕೂ ಕೆಂಪು ಗುರುತು ಕಂಡ ವೈದ್ಯರು ಕ್ರಮೇಣ ಯಾವ ಗುರುತನ್ನೂ ನೋಡದಂತಾಗುತ್ತಾರೆ.

ಅಮೃತಬಳ್ಳಿಯ ವಿವಾದ ನಮಗೆಲ್ಲ ನೆನಪಿದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ. 2021ರಲ್ಲಿ ಮುಂಬೈನ ಲಿವರ್ ತಜ್ಞರು ಅದನ್ನು ಸೇವಿಸಿದ ಆರು ರೋಗಿಗಳಲ್ಲಿ ಲಿವರ್ ಹಾನಿ ಕಂಡದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ಅಮೃತಬಳ್ಳಿ, ಅಂದರೆ ಟಿನೋಸ್ಪೋರಾ ಕಾರ್ಡಿಫೋಲಿಯಾವೇ ಎಂದು ಪರೀಕ್ಷಿಸಿಲ್ಲ, ಅದನ್ನು ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಇದ್ದಿರಬಹುದು ಎಂಬುದು ಅದರ ಆಕ್ಷೇಪ. ಮರುವರ್ಷ ದೇಶದ ಹಲವು ಕೇಂದ್ರಗಳಿಂದ ಒಟ್ಟುಗೂಡಿಸಿದ 43 ಪ್ರಕರಣಗಳ ಅಧ್ಯಯನ ಬಂತು. ಈಗ ಒಬ್ಬ ಫಾರ್ಮಸಿಸ್ಟ್ ಒಂದು ಆಕರ ತೆರೆದರೆ 'ಸುರಕ್ಷಿತ ರಸಾಯನ' ಎಂದೂ, ಇನ್ನೊಂದು ತೆರೆದರೆ 'ಲಿವರಿಗೆ ಅಪಾಯ' ಎಂದೂ ಓದುತ್ತಾರೆ. ಸಚಿವಾಲಯ ಎತ್ತಿದ ಗುರುತಿನ ಪ್ರಶ್ನೆ ನ್ಯಾಯವಾದದ್ದು. ಕ್ರಿಸ್ಪಾದ ಕಾಂಡದ ಮೇಲೆ ಗುಬುಟುಗಳು ಎದ್ದಿರುತ್ತವೆ, ಹೂವಿನಲ್ಲಿ ಆರರ ಬದಲು ಮೂರೇ ಎಸಳು. ಬಲ್ಲವರ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ. ಆದರೆ ಗುರುತು ಸಂಶಯಾಸ್ಪದ ಎಂಬುದರಿಂದ ರೋಗಿಗಳ ಹಾನಿ ಸುಳ್ಳಾಗುವುದಿಲ್ಲ. ಹಿತ್ತಲಲ್ಲಿ ಕಿತ್ತುಕೊಂಡ ಬಳ್ಳಿ ತಪ್ಪು ಬಳ್ಳಿಯಾಗಿದ್ದರೆ ಅದೂ ನಾವು ಎಚ್ಚರಿಸಬೇಕಾದ ಅಪಾಯವೇ. ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಆಕರ ಇಲ್ಲಿ ವರದಿ, ಆಕ್ಷೇಪ, ನಂತರದ ಅಧ್ಯಯನ ಮೂರನ್ನೂ ದಿನಾಂಕದೊಂದಿಗೆ ಕೊಟ್ಟು, ಲಿವರ್ ರೋಗವಿರುವವರಿಗೂ ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬಿದ್ದ ಕಾಯಿಲೆಯವರಿಗೂ ಅದನ್ನು ಕೊಡಬೇಡಿ ಎಂದು ಬರೆಯಬೇಕು. ಲಿವರ್ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2012ರಲ್ಲಿ ಆರಂಭಿಸಿದ 'ಲಿವರ್‌ಟಾಕ್ಸ್' ಎಂಬ ಉಚಿತ ಕೋಶ ಇಂಥ ಬರವಣಿಗೆಗೆ ಮಾದರಿ. ಪ್ರಕಟವಾದ ಪ್ರಕರಣಗಳ ಬಲವನ್ನು ಅಕ್ಷರದ ದರ್ಜೆಯಲ್ಲಿ ಸೂಚಿಸುವ ಪದ್ಧತಿ ಅದರದು.

ಚಂದಾ ಕಟ್ಟಿ ಓದುವ ಕೋಶಗಳಲ್ಲಿ, ಅಮೆರಿಕದ ಫಾರ್ಮಸಿಸ್ಟರು ರೂಪಿಸಿದ 'ನ್ಯಾಚುರಲ್ ಮೆಡಿಸಿನ್ಸ್' ಬಹುಕಾಲದಿಂದ ಮುಂಚೂಣಿಯಲ್ಲಿದೆ. ಪರಿಣಾಮಕಾರಿ, ಬಹುಶಃ ಪರಿಣಾಮಕಾರಿ, ಸಾಕ್ಷ್ಯ ಸಾಲದು ಎಂಬಂತಹ ದರ್ಜೆಗಳು, ಪ್ರತಿಕ್ರಿಯೆಯ ತೀವ್ರತೆಯ ಸೂಚನೆ, ಆಧಾರಗಳ ಉಲ್ಲೇಖ ಎಲ್ಲ ಇವೆ. ಕೈಗೆಟಕುವವರು ಬಳಸಲೇಬೇಕು. ಆದರೆ ನಮ್ಮ ತಾಲ್ಲೂಕು ಕೇಂದ್ರದ ಔಷಧದಂಗಡಿಗೆ ಅದರ ಚಂದಾ ಹೊರೆಯೇ. ಅದಲ್ಲದೆ ಅಂತಹ ಕೋಶಗಳ ಮನೆ ಪಶ್ಚಿಮದ ಮಾರುಕಟ್ಟೆ. ಅವುಗಳಲ್ಲಿ ಗಿಂಕೋ ಬಗ್ಗೆ ಪುಟಗಟ್ಟಲೆ ಸಿಗುತ್ತದೆ, ಹಲವು ದ್ರವ್ಯಗಳು ಕೂಡಿದ ನಮ್ಮ ಅರಿಷ್ಟ, ಲೇಹ್ಯಗಳ ಬಗ್ಗೆ ಹೆಚ್ಚೇನೂ ಸಿಗದು. ಅಲ್ಲಿಯೂ ಮೌನವನ್ನು ಓದಲು ಬರಬೇಕು.

ಹೊಸ ಆಕರ ಕೈಗೆ ಬಂದಾಗ ನಾನು ಮಾಡುವ ಪರೀಕ್ಷೆ ಸರಳ. ಉತ್ತರ ಮೊದಲೇ ಗೊತ್ತಿರುವ ಗಿಡಗಳ ಪುಟ ತೆರೆಯುತ್ತೇನೆ. ಸೇಂಟ್ ಜಾನ್ಸ್ ವರ್ಟ್‌ನಲ್ಲಿ ಸೈಕ್ಲೋಸ್ಪೊರಿನ್ ಇದೆಯೇ? ಬ್ರಾಹ್ಮಿಯಲ್ಲಿ ಎರಡು ಗಿಡಗಳನ್ನು ಬೇರ್ಪಡಿಸಿದ್ದಾರೆಯೇ? ಈಶ್ವರಬಳ್ಳಿಯಲ್ಲಿ ಮೂತ್ರಪಿಂಡದ ಮಾತಿದೆಯೇ? ಇಷ್ಟರಲ್ಲಿ ಎಡವಿದ ಪುಸ್ತಕವನ್ನು, ನನಗೆ ಉತ್ತರ ಗೊತ್ತಿಲ್ಲದ ಗಿಡಕ್ಕೆ ನಂಬುವುದು ಹೇಗೆ? ಬಳಿಕ ಹಣದ ಮೂಲ ನೋಡುತ್ತೇನೆ. ಉತ್ಪನ್ನ ಮಾರುವವರೇ ಮಾಹಿತಿಯನ್ನೂ ಬರೆದಿದ್ದರೆ, ಬರೆದದ್ದು ಸರಿಯಿದ್ದರೂ ಬರೆಯದೆ ಬಿಟ್ಟದ್ದರ ಬಗ್ಗೆ ಸಂಶಯ ಉಳಿಯುತ್ತದೆ.

ಕನ್ನಡದಲ್ಲಿ ಇಂತಹ ಆಕರವೊಂದು ಆಗಬೇಕೆಂಬ ಆಸೆ ನನ್ನದು. ಬೇಕಾದ ಸಾಮಗ್ರಿ ಇಲ್ಲಿಯೇ ಬಿದ್ದಿದೆ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧೀಯ ಸಸ್ಯಗಳ ಶಾಸ್ತ್ರೀಯ ಹೆಸರನ್ನು ದೇಶಭಾಷೆಗಳ ಹೆಸರುಗಳೊಂದಿಗೆ ಜೋಡಿಸುವ ದೊಡ್ಡ ಕೆಲಸ ಮಾಡಿದೆ. ಗುರುತಿಗೆ ಫಾರ್ಮಾಕೋಪಿಯಾ ಇದೆ. ನಮ್ಮ ಜಿಲ್ಲೆಗಳಲ್ಲಿ ನಿಜವಾಗಿ ಮಾರಾಟವಾಗುವ ಐವತ್ತು ಮೂಲಿಕೆಗಳನ್ನಷ್ಟೇ ಆರಿಸಿಕೊಳ್ಳೋಣ. ಒಂದೊಂದಕ್ಕೂ ಆ ಸೀಮೆಯ ಹೆಸರು, ತಪ್ಪಾಗಿ ಬರುವ ಜೋಡಿ ಗಿಡ, ಮಧುಮೇಹ, ರಕ್ತದೊತ್ತಡ, ಮೂರ್ಛೆರೋಗ, ಕ್ಷಯದ ಔಷಧಗಳೊಂದಿಗೆ ಗೊತ್ತಿರುವುದು, ಮನುಷ್ಯರಲ್ಲಿ ಪರೀಕ್ಷಿಸಿಯೇ ಇಲ್ಲದಿರುವುದು, ಕೊನೆಯ ಬಾರಿ ಪರಿಷ್ಕರಿಸಿದ ತಿಂಗಳು. ಆಯುರ್ವೇದ ವೈದ್ಯರೂ ಔಷಧಶಾಸ್ತ್ರಜ್ಞರೂ ಒಂದೇ ಮೇಜಿನ ಸುತ್ತ ಕೂತು ಬರೆಯಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬರೆದರೆ ಅರ್ಧ ಓದುಗರು ಅದನ್ನು ತೆರೆಯುವುದೇ ಇಲ್ಲ.

ಆ ಆಕರದ ಪುಟಗಳನ್ನು ತುಂಬಬೇಕಾದ ಮಾಹಿತಿ ಬರುವುದು ನಿಮ್ಮ ಕೌಂಟರಿನಿಂದಲೂ ಹೊರರೋಗಿ ವಿಭಾಗದಿಂದಲೂ. ಆಧುನಿಕ ಔಷಧಗಳ ಅಡ್ಡ ಪರಿಣಾಮ ವರದಿ ಮಾಡಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಆಯುಷ್ ಔಷಧಗಳಿಗೂ ಪ್ರತ್ಯೇಕ ವ್ಯವಸ್ಥೆಯಿದೆ. ಕಣ್ಣು ಹಳದಿಯಾಗಿ ಬಂದ ರೋಗಿ ಮೂರು ತಿಂಗಳಿಂದ ಏನೋ ಚೂರ್ಣ ತೆಗೆದುಕೊಳ್ಳುತ್ತಿದ್ದರೆ, 'ನಾಟಿ ಔಷಧ' ಎಂದು ಕೇಸ್ ಶೀಟಿನಲ್ಲಿ ಬರೆದು ಬಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ, ಪರವಾನಗಿ ಆಯುಷ್‌ನದೋ ಆಹಾರ ಇಲಾಖೆಯದೋ, ಗಿಡದ ಯಾವ ಭಾಗ, ದಿನಕ್ಕೆ ಎಷ್ಟು, ಎಂದು ಶುರು, ಎಂದು ನಿಲ್ಲಿಸಿದ್ದು, ಜೊತೆಗಿದ್ದ ಮಾತ್ರೆಗಳು ಯಾವುವು ಎಂದು ಬರೆದುಕೊಳ್ಳಿ. ಸಾಧ್ಯವಾದರೆ ಡಬ್ಬಿಯಲ್ಲಿ ಉಳಿದದ್ದನ್ನು ಹಾಗೇ ಮುಚ್ಚಳ ಹಾಕಿ ತೆಗೆದಿಡಿ. ಮುಂಬೈನ ಆರು ರೋಗಿಗಳ ವಿಷಯದಲ್ಲಿ ಇಡೀ ವಾದ ನಿಂತದ್ದು, ಅವರು ಕುಡಿದದ್ದು ಯಾವ ಬಳ್ಳಿ ಎಂಬ ಪ್ರಶ್ನೆಯ ಮೇಲೆ.